ತರಗತಿಯ ಸೆಮಿನಾರ್: ಒಪ್ಪಿಸುವುದೂ ಒರೆಗೆ ಹಚ್ಚುವುದೂ

ಪ್ರಶ್ನೆ: ನಾನು ಕನ್ನಡ ಎಂ.ಎ. ಓದುತ್ತಿದ್ದೇನೆ. ಮುಂದಿನ ತಿಂಗಳು ‘ಹಲ್ಮಿಡಿ ಶಾಸನ’ದ ಬಗ್ಗೆ ಹದಿನೈದು ನಿಮಿಷಗಳ ಸೆಮಿನಾರ್ ಕೊಡಬೇಕಾಗಿದೆ. 34 ಸ್ಲೈಡುಗಳನ್ನು ಮಾಡಿಟ್ಟುಕೊಂಡಿದ್ದೇನೆ, ಒಂದನ್ನೂ ಬಿಡಲು ಮನಸ್ಸಾಗುತ್ತಿಲ್ಲ. ಕಳೆದ ಸೆಮಿನಾರಿನಲ್ಲಿ ಹೆದರಿಕೆಯಿಂದ ಪರದೆಯ ಕಡೆ ತಿರುಗಿ ಸ್ಲೈಡನ್ನೇ ಓದಿಬಿಟ್ಟೆ. ಈ ಸಲ ಹೇಗೆ ಸಿದ್ಧತೆ ಮಾಡಿಕೊಳ್ಳಲಿ? – ವಿದ್ಯಾರ್ಥಿನಿ, ಹಾಸನ

ಉತ್ತರ: ಹದಿನೈದು ನಿಮಿಷವೆಂದರೆ 900 ಸೆಕೆಂಡು. ಅದನ್ನು 34ಕ್ಕೆ ಹಂಚಿದರೆ ಒಂದು ಸ್ಲೈಡಿನ ಪಾಲಿಗೆ ಅರ್ಧ ನಿಮಿಷವೂ ಬರುವುದಿಲ್ಲ. ಅಷ್ಟರಲ್ಲಿ ಕೇಳುವವರು ಅದನ್ನು ಓದಿ ಮುಗಿಸಲಾರರು, ನೀವೂ ವಿವರಿಸಲಾರಿರಿ. ಕಳೆದ ಸಲ ಓದಿಬಿಟ್ಟದ್ದಕ್ಕೆ ಹೆದರಿಕೆಯೊಂದೇ ಕಾರಣವೆಂದು ನನಗನ್ನಿಸುವುದಿಲ್ಲ. ಹೇಳಬೇಕಾದುದೆಲ್ಲವನ್ನೂ ಪರದೆಯ ಮೇಲೆ ಬರೆದಿಟ್ಟವರಿಗೆ ಬಾಯಲ್ಲಿ ಹೇಳಲು ಏನೂ ಉಳಿದಿರುವುದಿಲ್ಲ.

ಶಾಸನದ ಬಗ್ಗೆ ಗೊತ್ತಿರುವುದನ್ನೆಲ್ಲ ಹೇಳಹೊರಡುವ ಬದಲು, ಒಂದು ಪ್ರಶ್ನೆಯನ್ನು ಹಿಡಿದುಕೊಳ್ಳಿ. 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಇದನ್ನು ಬೆಳಕಿಗೆ ತಂದದ್ದು, ಕಾಲ ಸುಮಾರು ಕ್ರಿ.ಶ. 450 ಎಂದು ಹೇಳುವುದು, ಕದಂಬರ ಹಿನ್ನೆಲೆ – ಇವೆಲ್ಲ ನಿಮ್ಮ ಸಹಪಾಠಿಗಳು ಪಿಯುಸಿಯಿಂದಲೇ ಕೇಳಿಕೊಂಡು ಬಂದ ಸಂಗತಿಗಳಾದ್ದರಿಂದ ಎರಡು ನಿಮಿಷದಲ್ಲಿ ಮುಗಿಸಿಬಿಡಬಹುದು. ಉಳಿದ ಸಮಯವನ್ನು ‘ಹದಿನಾರು ಸಾಲುಗಳ ಈ ಶಾಸನದಲ್ಲಿ ಅಚ್ಚಗನ್ನಡ ಎಲ್ಲೆಲ್ಲಿ ತಲೆ ಎತ್ತುತ್ತದೆ?’ ಎಂಬಂಥ ಪ್ರಶ್ನೆಗೆ ಕೊಟ್ಟು ನೋಡಿ. ಸಂಸ್ಕೃತ ಶ್ಲೋಕದಿಂದ ಆರಂಭವಾಗಿ, ಸಂಸ್ಕೃತ ಸಮಾಸಗಳಿಂದ ಕಿಕ್ಕಿರಿದ ಗದ್ಯದ ನಡುವೆ ‘ಬಾಳ್ಗೞ್ಚು’ ಎಂಬ ಮಾತು ಬರುತ್ತದೆಯಲ್ಲ, ಅಲ್ಲಿ ನಿಲ್ಲಿ. ಬಾಳ್ ಎಂದರೆ ಕತ್ತಿ, ಕೞ್ಚು ಎಂದರೆ ತೊಳೆ. ಯುದ್ಧದಲ್ಲಿ ಗೆದ್ದ ವೀರನ ಕತ್ತಿಯನ್ನು ತೊಳೆದು ಕೊಡುವ ದತ್ತಿ ಅದು. ಈ ಒಂದು ಪದವನ್ನು ಬಿಡಿಸಿ ತೋರಿಸಿದರೆ ಅರಸೊತ್ತಿಗೆಯ ವಂಶಾವಳಿಯ ಹತ್ತು ಸ್ಲೈಡುಗಳಿಗಿಂತ ಹೆಚ್ಚನ್ನು ತರಗತಿಯು ನೆನಪಿಟ್ಟುಕೊಳ್ಳುತ್ತದೆ.

ಸ್ಲೈಡಿನಲ್ಲಿರಬೇಕಾದದ್ದು ಬಾಯಲ್ಲಿ ಹೇಳಲಾಗದ್ದು: ಕಲ್ಲಿನ ಚಿತ್ರ, ಒಂದು ಸಾಲಿನ ಲಿಪಿಯನ್ನು ಹಿಗ್ಗಿಸಿ ಅದರ ಕೆಳಗೆ ಇಂದಿನ ಅಕ್ಷರ, ಒಂದು ನಕ್ಷೆ. ನೀವು ಹಾಸನದವರಾದ್ದರಿಂದ ಬೇಲೂರು ತಾಲ್ಲೂಕಿನ ಹಲ್ಮಿಡಿಗೇ ಹೋಗಿ, ಅಲ್ಲಿ ನಿಲ್ಲಿಸಿರುವ ಪ್ರತಿಕೃತಿಯ ಚಿತ್ರವನ್ನು ನೀವೇ ತೆಗೆದುಕೊಂಡು ಬರಬಹುದು. ಜಾಲದಿಂದ ಇಳಿಸಿಕೊಂಡ ಮಸುಕು ಚಿತ್ರದ ಮುಂದೆ ನಿಂತಾಗ ಬಾರದ ಮಾತು, ತಾವೇ ಕಂಡುಬಂದುದರ ಮುಂದೆ ತಾನಾಗಿ ಬರುತ್ತದೆ.

ಅಕ್ಷರದ ವಿಚಾರದಲ್ಲಿ ಒಂದು ಎಚ್ಚರಿಕೆ. ಮನೆಯ ಕಂಪ್ಯೂಟರಿನಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ಕನ್ನಡವು, ಆ ಫಾಂಟಿಲ್ಲದ ಕಾಲೇಜಿನ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ಪೆನ್ ಡ್ರೈವ್ ಹಿಡಿದು ಬಂದ ವಿದ್ಯಾರ್ಥಿಯ ಮುಖ ಆ ಕ್ಷಣದಲ್ಲಿ ಬಿಳಿಚಿಕೊಳ್ಳುವುದನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕಂಡಿದ್ದೇನೆ. ಯುನಿಕೋಡಿನಲ್ಲೇ ಟೈಪಿಸಿ, ಜೊತೆಗೊಂದು ಪಿಡಿಎಫ್ ಪ್ರತಿಯನ್ನೂ ಇಟ್ಟುಕೊಳ್ಳಿ. ಹಳಗನ್ನಡದ ‘ೞ’ಕಾರವಿರುವ ಸ್ಲೈಡನ್ನಂತೂ ಹಿಂದಿನ ದಿನವೇ ಅಲ್ಲಿನ ಪ್ರೊಜೆಕ್ಟರಿನಲ್ಲಿ ತೆರೆದು ನೋಡಿ.

ಅಭ್ಯಾಸವನ್ನು ಮನಸ್ಸಿನಲ್ಲಿ ಓದಿಕೊಂಡು ಮಾಡಬೇಡಿ. ಎದ್ದು ನಿಂತು, ಗಟ್ಟಿಯಾಗಿ, ಮೊಬೈಲಿನಲ್ಲಿ ಹದಿನೈದು ನಿಮಿಷ ಇಟ್ಟುಕೊಂಡು, ಒಬ್ಬರಾದರೂ ಕೇಳುವವರ ಮುಂದೆ ಮಾಡಿ. ಮೊದಲ ಎರಡು ವಾಕ್ಯ ಬಾಯಿಪಾಠವಾಗಿರಲಿ, ಉಳಿದದ್ದಕ್ಕೆ ಚೀಟಿಯಲ್ಲಿ ಬರೆದ ಏಳೆಂಟು ಪದಗಳು ಸಾಕು.

ಪ್ರಶ್ನೆ: ನಾನು ಬಿ.ಇಡಿ. ಪ್ರಶಿಕ್ಷಣಾರ್ಥಿ. ಅಣುಬೋಧನೆಯಲ್ಲಿ, ಅಂದರೆ ಸಹಪಾಠಿಗಳನ್ನೇ ವಿದ್ಯಾರ್ಥಿಗಳಾಗಿ ಕೂರಿಸಿ ಆರು ನಿಮಿಷ ಮಾಡುವ ಅಭ್ಯಾಸ ಪಾಠದಲ್ಲಿ, ಸಹಪಾಠಿಗಳ ಪಾಠವನ್ನು ಅವಲೋಕಿಸಿ ಹಿಮ್ಮಾಹಿತಿ (ಫೀಡ್‌ಬ್ಯಾಕ್) ಕೊಡಬೇಕು. ಎಲ್ಲರೂ ‘ಚೆನ್ನಾಗಿತ್ತು’ ಎಂದು ಬರೆದು ಸಹಿ ಹಾಕುತ್ತಾರೆ. ನಾನು ಗೆಳತಿಯೊಬ್ಬಳಿಗೆ ‘ನಿನಗೆ ಪ್ರಶ್ನೆ ಕೇಳೋಕೆ ಬರಲ್ಲ, ತುಂಬಾ ಅವಸರ ಮಾಡ್ತೀಯ’ ಎಂದು ನಿಜವನ್ನೇ ಹೇಳಿದೆ. ಮೂರು ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ತಪ್ಪು ನನ್ನದೇ? – ಹೆಸರು ಬೇಡ, ದಾವಣಗೆರೆ

ಉತ್ತರ: ನೀವು ಹೇಳಿದ್ದು ನಿಜವಿರಬಹುದು, ಆದರೆ ಅದು ಅವಳ ಪಾಠದ ಬಗ್ಗೆ ಇರಲಿಲ್ಲ, ಅವಳ ಬಗ್ಗೆ ಇತ್ತು. ‘ಬರಲ್ಲ’ ಎಂಬುದನ್ನು ತಿದ್ದಿಕೊಳ್ಳುವುದು ಹೇಗೆ? ಅದರ ಬದಲು, ‘ದ್ಯುತಿಸಂಶ್ಲೇಷಣೆ ಅಂದ್ರೇನು ಅಂತ ಕೇಳಿದೆ, ಹಿಂದಿನ ಬೆಂಚಿನವಳು ಕೈ ಎತ್ತುತ್ತಿದ್ದಳು, ಅಷ್ಟರಲ್ಲಿ ನೀನೇ ಉತ್ತರ ಹೇಳಿಬಿಟ್ಟೆ, ಇನ್ನೊಂದು ಸಲ ಕೇಳಿದ ಮೇಲೆ ಮನಸ್ಸಲ್ಲೇ ಮೂರು ಎಣಿಸಿ ನೋಡು’ ಎಂದಿದ್ದರೆ ಮುನಿಸಿಕೊಳ್ಳಲು ಅವಳಿಗೆ ಎಡೆಯೇ ಇರುತ್ತಿರಲಿಲ್ಲ. ಮೂರು ಎಣಿಸುವುದು ನನ್ನ ಕಟ್ಟುಮಾತಲ್ಲ: ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸಾಮಾನ್ಯವಾಗಿ ಒಂದೇ ಸೆಕೆಂಡು ಕಾಯುತ್ತಾರೆಂದೂ, ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಮಕ್ಕಳ ಉತ್ತರಗಳು ದೀರ್ಘವೂ ಯೋಚಿತವೂ ಆಗುತ್ತವೆಂದೂ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರು 1970ರ ದಶಕದಲ್ಲಿಯೇ ತೋರಿಸಿದ್ದಾರೆ.

ಅವಲೋಕನ ಪುಸ್ತಕದಲ್ಲಿ ಮೊದಲು ಎಣಿಸಿ ಬರೆಯಿರಿ, ಆಮೇಲೆ ಅಭಿಪ್ರಾಯ ಬರೆಯಿರಿ. ಆರು ನಿಮಿಷದಲ್ಲಿ ಕೇಳಿದ ಪ್ರಶ್ನೆಗಳೆಷ್ಟು, ಅವುಗಳಲ್ಲಿ ಹೌದು–ಅಲ್ಲ ಎಂದು ಮುಗಿಯುವವೆಷ್ಟು, ಉತ್ತರಿಸಿದವರು ಎಷ್ಟು ಮಂದಿ ಎಂಬುದನ್ನು ಗೀಟು ಹಾಕುತ್ತಾ ಹೋದರೆ ಹೇಳಬೇಕಾದ ಮಾತು ತಾನೇ ಸಿಗುತ್ತದೆ. ಚೆನ್ನಾಗಿದ್ದುದನ್ನೂ ಅಷ್ಟೇ ಖಚಿತವಾಗಿ ಬರೆಯಿರಿ. ಕಹಿಗುಳಿಗೆಗೆ ಬೆಲ್ಲ ಸವರುವಂತೆ ಹೊಗಳಿಕೆಯ ನಡುವೆ ಟೀಕೆಯನ್ನು ಅಡಗಿಸಿಡುವ ಉಪಾಯವನ್ನು ಕೆಲವರು ಕಲಿಸುತ್ತಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ, ಏಕೆಂದರೆ ಎರಡನೆಯ ಸಲಕ್ಕೇ ಕೇಳುವವರು ಹೊಗಳಿಕೆಯನ್ನು ಬಿಟ್ಟು ‘ಆದರೆ’ಗಾಗಿ ಕಾಯತೊಡಗುತ್ತಾರೆ.

ಇನ್ನೊಂದು ಸಂಗತಿಯನ್ನು ನಿಮ್ಮ ಕಾಲೇಜಿನಲ್ಲಿಯೂ ಮರೆತಿರಬಹುದೆಂದು ನನ್ನ ಗುಮಾನಿ. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಅಣುಬೋಧನೆಯನ್ನು ನಮ್ಮಲ್ಲಿ ಅಳವಡಿಸಿಕೊಂಡಾಗ 36 ನಿಮಿಷಗಳ ಚಕ್ರವೊಂದನ್ನು ಗೊತ್ತುಮಾಡಿದರು: ಆರು ನಿಮಿಷ ಬೋಧನೆ, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಮರುಯೋಜನೆ, ಆರು ನಿಮಿಷ ಮರುಬೋಧನೆ, ಮತ್ತೆ ಆರು ನಿಮಿಷ ಮರುಹಿಮ್ಮಾಹಿತಿ. ಅತಿ ಹೆಚ್ಚು ಸಮಯ ಸಿಕ್ಕಿರುವುದು ಮರುಯೋಜನೆಗೆ ಎಂಬುದನ್ನು ಗಮನಿಸಿ. ಹಲವು ಕಡೆ ಮೊದಲೆರಡು ಹಂತ ಮುಗಿಸಿ, ಉಳಿದದ್ದನ್ನು ದಾಖಲೆ ಪುಸ್ತಕದಲ್ಲಿ ಮಾತ್ರ ತುಂಬುತ್ತಾರೆ. ಮತ್ತೆ ಮಾಡಿ ತೋರಿಸುವ ಅವಕಾಶವಿಲ್ಲದಿದ್ದರೆ ಎಷ್ಟೇ ಸೌಮ್ಯವಾಗಿ ಹೇಳಿದ ಮಾತೂ ತೀರ್ಪಿನಂತೆಯೇ ಕೇಳಿಸುತ್ತದೆ. ನಿಮ್ಮ ಗೆಳತಿಗೆ ಅದೇ ಪಾಠವನ್ನು ಇನ್ನೊಮ್ಮೆ ಮಾಡುವಂತೆ ಹೇಳಿ, ನೀವೇ ಹಿಂದಿನ ಬೆಂಚಿನಲ್ಲಿ ವಿದ್ಯಾರ್ಥಿನಿಯಾಗಿ ಕುಳಿತುಕೊಳ್ಳಿ. ಹಾಸನದ ಓದುಗರಿಗೂ ಇದೇ ಮಾತು: ಅಭ್ಯಾಸಕ್ಕೆ ಕರೆಯುವ ಗೆಳತಿಯನ್ನು ಸೆಮಿನಾರಿಗೆ ನಾಲ್ಕು ದಿನ ಮೊದಲೇ ಕರೆಯಿರಿ, ಹಿಂದಿನ ರಾತ್ರಿಯಲ್ಲ.

ಪ್ರಶ್ನೆ: ನಾನು ಮಾತಾಡುವಾಗ ‘ಹಳ್ಳಿ’ ಎನ್ನುವುದು ‘ಅಳ್ಳಿ’ ಎಂದು ಬರುತ್ತದೆ. ಸೆಮಿನಾರಿನಲ್ಲಿ ಎಲ್ಲರೂ ನಗುತ್ತಾರೆ, ವಿಷಯದ ಬಗ್ಗೆ ಯಾರೂ ಒಂದು ಮಾತೂ ಆಡುವುದಿಲ್ಲ. ಏನು ಮಾಡಲಿ? – ಓದುಗ, ಮಂಡ್ಯ

ಉತ್ತರ: ನಗುವುದು ಹಿಮ್ಮಾಹಿತಿಯಲ್ಲ. ಅದನ್ನು ತಡೆಯುವುದು ಅಧ್ಯಾಪಕರ ಕೆಲಸ. ಮುಂದಿನ ಸಲಕ್ಕೆ ಮುಂಚೆ ಅವರಿಗೆ ಹೋಗಿ ಹೇಳಿ. ಶಿಷ್ಟ ಉಚ್ಚಾರಣೆ ರೂಢಿಸಿಕೊಳ್ಳಬೇಕೆಂದು ನಿಮಗೇ ಅನ್ನಿಸಿದರೆ, ನಿಮ್ಮ ಚೀಟಿಯಲ್ಲಿ ಹಕಾರದ ಪದಗಳಿಗೆ ಅಡಿಗೆರೆ ಎಳೆದುಕೊಂಡು ನಿಧಾನವಾಗಿ ಹೇಳಿ ಅಭ್ಯಾಸ ಮಾಡಿ. ಹಳಗನ್ನಡದ ‘ಪಳ್ಳಿ’ಯೇ ಹಳ್ಳಿಯಾಯಿತು, ಶಾಸನದಲ್ಲಿ ‘ಪಲ್ಮಡಿ’ ಎಂದಿದ್ದ ಊರೇ ಇಂದಿನ ಹಲ್ಮಿಡಿ. ಪಕಾರ ಹಕಾರವಾದ ಆ ದಾರಿಯಲ್ಲಿ ನಿಮ್ಮ ಸೀಮೆಯ ಆಡುಮಾತು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹಕಾರವನ್ನೂ ಬಿಟ್ಟಿದೆ, ಅಷ್ಟೆ. ಭಾಷಾವಿಜ್ಞಾನದ ಪತ್ರಿಕೆಗೆ ಸೆಮಿನಾರ್ ವಿಷಯ ಹುಡುಕುತ್ತಿದ್ದರೆ ಇದನ್ನೇ ಆರಿಸಿಕೊಳ್ಳಬಹುದು.