ಅಜ್ಜಿ ಅನ್ನ ಚೆಲ್ಲುತ್ತಿದ್ದರೂ ಸುಮ್ಮನೆ ಕೂತ ಹುಡುಗಿ

ದೀಪಾವಳಿಗೆ ಊರಿಗೆ ಬಂದ ಮಕ್ಕಳಲ್ಲಿ ಒಬ್ಬಿಬ್ಬರು ಪ್ರತಿ ವರ್ಷ ಕಾಲೇಜಿಗೆ ವಾಪಸ್ ಹೋಗುವುದಿಲ್ಲ. ಮೊದಲ ವಾರ ಜ್ವರ ಅಂತಾರೆ. ಆಮೇಲೆ ಹಾಸ್ಟೆಲ್ ಊಟ ಸೇರುತ್ತಿಲ್ಲ ಅಂತಾರೆ. ಅಡಿಕೆ ಕೊಯ್ಲು ಜೋರಾಗುವ ಹೊತ್ತಿಗೆ ಅಪ್ಪನೋ ಆಯಿಯೋ ಅವರನ್ನು ಶಿರಸಿಯ ನನ್ನ ಕೌನ್ಸೆಲಿಂಗ್ ಕೋಣೆಗೆ ಕರೆತಂದು, "ಸ್ವಲ್ಪ ಬುದ್ಧಿ ಹೇಳಿ ಮೇಡಂ" ಅಂತ ಕೂರಿಸುತ್ತಾರೆ.

ಹೀಗೆ ಬಂದವರಲ್ಲಿ ಹಲವರಿಗೆ "ಬಿಡುವುದಾದರೆ ಧೈರ್ಯವಾಗಿ ಬಿಡು" ಅಂದಿದ್ದೇನೆ. ಆದರೆ ಒಬ್ಬ ಹುಡುಗಿಗೆ "ಮುಗಿಸು" ಅಂದೆ. ಇದನ್ನು ಕೇಳಿದ ಸಹೋದ್ಯೋಗಿಯೊಬ್ಬರಿಗೆ ಬೇಸರವಾಯಿತು. ಹೀಗೆ ಮಾಡು, ಹಾಗೆ ಮಾಡು ಅಂತ ನೇರವಾಗಿ ಹೇಳಬಾರದು ಅನ್ನುವುದು ನಮಗೆ ಕಲಿಸಿದ ಮೊದಲ ಪಾಠ ಅಲ್ವಾ? ಅವರ ಮಾತು ನನ್ನನ್ನು ಬಹಳ ದಿನ ಕಾಡಿತು. ಅದಕ್ಕೇ ಬರೆಯುತ್ತಿದ್ದೇನೆ. ಮನೆಯವರ ಒಪ್ಪಿಗೆ ಇದೆ. ಗುರುತು ಸಿಗುವ ವಿವರ ಬದಲಿಸಿದ್ದೇನೆ. ಹುಡುಗಿಯನ್ನು ಮಾಧವಿ ಅನ್ನೋಣ.

ಮಾಧವಿಗೆ ಆಗ 24. ಅಡಿಕೆ ತೋಟದ ಮನೆ. ಪಿಯುಸಿ ಆದ ಮೇಲೆ ಮೆಡಿಕಲ್ ಸೀಟು ಸಿಗಲಿಲ್ಲ. ಬಯಸಿದ ಕಡೆ ಫಿಸಿಯೋಥೆರಪಿಯೂ ಆಗಲಿಲ್ಲ. ಸಿಕ್ಕಿದ್ದು ಆಕ್ಯುಪೇಷನಲ್ ಥೆರಪಿ. ಕಾಯಿಲೆಯಿಂದಲೋ ಪೆಟ್ಟಿನಿಂದಲೋ ಕೈಲಾಗದಾದವರು ಉಣ್ಣುವುದು, ಸ್ನಾನ, ಬಟ್ಟೆ ಹೀಗೆ ದಿನದ ಕೆಲಸಗಳನ್ನು ಮತ್ತೆ ತಾವೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ ಅದು. ನಾಲ್ಕು ವರ್ಷ ಅದರ ಡಿಗ್ರಿ ಬಿ.ಓ.ಟಿ., ಆರು ತಿಂಗಳ ಇಂಟರ್ನ್‌ಶಿಪ್, ಅದು ಮುಗಿದ ಕೂಡಲೇ ಎರಡು ವರ್ಷದ ಮಾಸ್ಟರ್ಸ್, ಅಂದರೆ ಎಂ.ಓ.ಟಿ. ಎರಡನೇ ವರ್ಷದ ನಡುವೆ ಮನೆಗೆ ಬಂದವಳು ಪೆಟ್ಟಿಗೆ ಬಿಚ್ಚಿ ಬಟ್ಟೆಯನ್ನೆಲ್ಲ ಕಪಾಟಿನಲ್ಲಿ ಜೋಡಿಸಿಟ್ಟಳು. ಆಗಲೇ ತನಗೆ ಅನುಮಾನ ಬಂತು ಎಂದರು ಅವಳ ಅಪ್ಪ.

ಅಪ್ಪನ ಸಂಕಟ ಬೇರೆಯೇ. "ಆರು ವರ್ಷದಿಂದ ಮಗಳು ಏನು ಓದ್ತಿದ್ದಾಳೆ ಅಂತ ನೆಂಟರಿಗೆ ಹೇಳೋಕೆ ಬರಲ್ಲ. ಫಿಸಿಯೋನಾ ಅಂತ ಕೇಳ್ತಾರೆ, ಹೌದು ಅಂತೀನಿ. ಇವಳಿಗೆ ಸಿಟ್ಟು. ನಿನ್ನೆ ಮೊನ್ನೆ ಹುಟ್ಟಿದ ಕೋರ್ಸಿಗೆ ಸಾಲ ಮಾಡಿ ಕಳಿಸಿದೆ." ನಿನ್ನೆ ಮೊನ್ನೆಯದಲ್ಲ ಅಂತ ಅವರಿಗೆ ಹೇಳಿದೆ. ಮುಂಬೈನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕಮಲಾ ನಿಂಬ್ಕರ್ ಇದನ್ನು ಕಲಿಸುವ ಶಾಲೆ ತೆರೆದಿದ್ದು 1950ರಲ್ಲಿ. 1952ರಲ್ಲಿ ಇದರ ಜಾಗತಿಕ ಒಕ್ಕೂಟ ಕಟ್ಟಿದ 10 ದೇಶಗಳಲ್ಲಿ ನಮ್ಮದೂ ಒಂದು. ಅವರು ತಲೆಯಾಡಿಸಿದರು, ಆದರೆ ಮುಖದಲ್ಲಿ ನೆಮ್ಮದಿ ಕಾಣಲಿಲ್ಲ.

ಮೊದಲ ಎರಡು ಸೆಷನ್ ನಾನು ಹಾಳು ಮಾಡಿದೆ. ಸಾಲ ಎಷ್ಟು, ಅಂಕ ಎಷ್ಟು, ಮುಂದೆ ಏನು ಅಂತಲೇ ಕೇಳಿದೆ. ಅವಳು ಒಂದೊಂದು ಶಬ್ದದಲ್ಲಿ ಉತ್ತರ ಕೊಟ್ಟಳು. "ಆಸಕ್ತಿ ಇಲ್ಲದೆ ಸೇರಿದ ಕೋರ್ಸು" ಅಂತ ಪುಸ್ತಕದಲ್ಲಿ ಬರೆದುಕೊಂಡೆ. ಮೂರನೇ ಸಲ ಆಯಿ ಜೊತೆಗೆ ಬಂದಿದ್ದರು. ಹೊರಗೆ ಬಿಸಿಲು, ಒಳಗೇ ಕೂರಿ ಅಂದೆ. ಕೂತವರು ಮಗಳ ಮೇಲಿನ ದೂರನ್ನು ಒಂದೇ ಉಸಿರಿಗೆ ಹೇಳಿದರು.

ಮನೆಯಲ್ಲಿ ಅಜ್ಜಿಗೆ ಲಕ್ವ ಹೊಡೆದು ಎಂಟು ತಿಂಗಳಾಗಿತ್ತು. ಬಲಗೈಗೆ ಶಕ್ತಿ ಅರ್ಧ ಮಾತ್ರ ಬಂದಿತ್ತು. ಎಡಗೈಲಿ ಉಣ್ಣಲು ಅಜ್ಜಿ ಸುತಾರಾಂ ಒಪ್ಪಲಿಲ್ಲ. ಅಲ್ಲಿಂದ ಮೂರು ಹೊತ್ತೂ ಸೊಸೆಯೇ ಉಣ್ಣಿಸುತ್ತಿದ್ದರು.

"ಇವಳು ಬಂದ ಮೇಲೆ ನನಗೆ ಉಣ್ಣಿಸೋಕೂ ಬಿಡಲ್ಲ ಮೇಡಂ. ಅತ್ತೆ ಕೈಯಲ್ಲಿ ಚಮಚ ಕೊಟ್ಟು ಎದುರಿಗೆ ಸುಮ್ನೆ ಕೂತಿರ್ತಾಳೆ. ಅವರು ಅರ್ಧ ಅನ್ನ ಸೀರೆ ಮೇಲೆ ಚೆಲ್ತಾರೆ. ಇವಳು ನೋಡ್ತಾಳೆ, ಕೈ ನೀಡಲ್ಲ. ಕಲ್ಲು ಮನಸ್ಸು. ಬಂದವರು ಏನಂತಾರೆ? ಸೊಸೆ ಉಣ್ಣಿಸೋದೂ ಇಲ್ಲ ಅನ್ನಲ್ವಾ?"

ನಾನು ಮಾಧವಿಯತ್ತ ನೋಡಿದೆ. ಎರಡೂ ಅಂಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದಳು.

"ಯಾಕೆ ಹಾಗೆ ಕೂತಿದ್ದೀಯಾ?" ಅಂತ ಕೇಳಿದೆ.

"ರೂಢಿ. ಹೀಗೆ ಕೂರದಿದ್ರೆ ಕೈ ತಾನಾಗೇ ಮುಂದೆ ಹೋಗುತ್ತೆ ಮೇಡಂ."

ಆಮೇಲೆ ಅವಳು ನಿಲ್ಲಿಸದೆ ಮಾತಾಡಿದಳು. ಚಮಚದ ಹಿಡಿಗೆ ಹಳೆ ಬಟ್ಟೆ ಸುತ್ತಿ, ಮೇಲೆ ಸೈಕಲ್ ಟ್ಯೂಬ್ ಬಿಗಿದು ದಪ್ಪ ಮಾಡಿದ್ದಳಂತೆ, ಶಕ್ತಿ ಕಡಿಮೆ ಇರುವ ಬೆರಳಿಗೆ ಸಪೂರ ಹಿಡಿ ನಿಲ್ಲುವುದಿಲ್ಲ ಅಂತ. ತಟ್ಟೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ. ಮಣೆ ಬಿಡಿಸಿ ಕುರ್ಚಿ, ಮೇಜು. ಮೊದಲ ದಿನ ಒಂದು ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಅಜ್ಜಿಗೆ ಬೆವರು ಬಂದಿತ್ತು. ಕೈ ಅರ್ಧದಲ್ಲಿ ನಿಂತರೆ ಮಾತ್ರ ಇವಳು ಎರಡು ಬೆರಳನ್ನು ಮೊಣಕೈಗೆ ಆನಿಸುತ್ತಿದ್ದಳು. ಅಷ್ಟೇ, ಚಮಚ ಮುಟ್ಟುತ್ತಿರಲಿಲ್ಲ. "ನಿನ್ನೆ ಅಜ್ಜಿ ಹನ್ನೊಂದು ತುತ್ತು ಉಂಡ್ರು. ಆಯಿ, ನೀನು ಎಣಿಸಿದ್ದು ಚೆಲ್ಲಿದ್ದನ್ನ ಮಾತ್ರ."

ಆಯಿ ಏನೂ ಹೇಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತರು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ, "ಹನ್ನೊಂದಾ?" ಅಂದರು.

ನಾನು ಪುಸ್ತಕದಲ್ಲಿ ಬರೆದ ಸಾಲನ್ನು ಹೊಡೆದು ಹಾಕಿದೆ. ಹಾಗಾದರೆ ಬಿಟ್ಟು ಬಂದಿದ್ದು ಯಾಕೆ? ಈ ಸಲ ಸರಿಯಾದ ಉತ್ತರ ಬಂತು. ಥೀಸಿಸ್. ಸ್ಟ್ರೋಕ್ ಆದವರು ಮನೆಗೆ ಹೋದ ಮೇಲೆ ಏನೇನು ತಾವೇ ಮಾಡಿಕೊಳ್ಳುತ್ತಾರೆ ಅನ್ನುವುದು ವಿಷಯ. 30 ಜನ ಬೇಕಿತ್ತು, ಸಿಕ್ಕಿದ್ದು 11. ದೂರದ ಊರಿನವರು ಮರಳಿ ಆಸ್ಪತ್ರೆಗೆ ಬರುತ್ತಿರಲಿಲ್ಲ. ಗೈಡ್ "ಹೀಗಾದರೆ ಆಗಲ್ಲ" ಅಂದಿದ್ದನ್ನು ಇವಳು "ನಿನ್ನಿಂದ ಆಗಲ್ಲ" ಅಂತ ಕೇಳಿಸಿಕೊಂಡಿದ್ದಳು. ಅದಾಗಿ ಎರಡು ತಿಂಗಳು ಕಂಪ್ಯೂಟರ್‌ನಲ್ಲಿ ಆ ಫೈಲನ್ನೇ ತೆರೆದಿರಲಿಲ್ಲ.

ನಾನು "ಮುಗಿಸು" ಅಂದಿದ್ದು ಇದಕ್ಕೆ. ಕೆಲಸವೇ ಬೇಡವಾದವರು ಬಿಡುವುದು ಒಳ್ಳೆಯದು. ರೋಗಿಯ ಎದುರು ಕೂರುವುದೇ ಶಿಕ್ಷೆ ಅನ್ನಿಸಿದರೆ ಇನ್ನೊಂದು ವರ್ಷ ಕಳೆಯುವುದರಲ್ಲಿ ಅರ್ಥವಿಲ್ಲ. ಇವಳಿಗೆ ಕೆಲಸ ಕೈಗೆ ಹತ್ತಿತ್ತು. ಸಿಕ್ಕಿಹಾಕಿಕೊಂಡಿದ್ದು ಬರವಣಿಗೆಯಲ್ಲಿ. ಇವೆರಡನ್ನೂ ಬೇರೆ ಮಾಡಿ ನೋಡದೆ ತೀರ್ಮಾನಕ್ಕೆ ಬಂದರೆ ಮುಂದೆ ಜೀವನಪೂರ್ತಿ ಆ ಕೆಲಸದ ಹೆಸರು ಕೇಳಿದಾಗಲೆಲ್ಲ ನೋಯುತ್ತದೆ. ಅಂಥವರನ್ನು ನಾನು ನೋಡಿದ್ದೇನೆ. ಇದು ಹೇರುವುದಾದರೆ, ಹೌದು, ಹೇರಿದೆ.

ಹೇಳಿದ್ದೂ ಸಣ್ಣದೇ. ಗೈಡ್‌ಗೆ ಫೋನ್ ಬೇಡ, ನಾಲ್ಕು ಸಾಲಿನ ಪತ್ರ ಬರಿ. 11 ಜನ ಇದ್ದಾರೆ ಅಂತ ಮುಚ್ಚಿಡದೆ ಹೇಳು. ಜನ ಕಡಿಮೆ ಮಾಡಲು, ವಿಧಾನ ಬದಲಿಸಲು ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಸಮಿತಿಯನ್ನು ಮತ್ತೆ ಕೇಳಬಹುದಾ ಅಂತ ವಿಚಾರಿಸು. ಒಂದು ಅವಧಿ ಹೆಚ್ಚಾದರೆ ಆಗಲಿ. ಅಪ್ಪನಿಗೂ ಹೇಳಿದೆ, ಅವಧಿ ಹೆಚ್ಚಾದರೆ ಫೀಸೂ ಹೆಚ್ಚಾಗಬಹುದು, ಈಗಲೇ ಲೆಕ್ಕ ಹಾಕಿಡಿ.

ಈ ಓದಿಗೆ ಹೋಗಬೇಕು ಅಂತ ಕೇಳಿಕೊಂಡು ಬರುವವರಿಗೂ ಕೆಲವು ಮಾತು ಹೇಳುತ್ತೇನೆ. ಸೈಕಾಲಜಿ ಓದಿದವರು, ಬಿ.ಎಸ್ಸಿ. ಆದವರು ಎಂ.ಓ.ಟಿ. ಮಾಡಬಹುದಾ ಅಂತ ಕೇಳುತ್ತಾರೆ. ಅಮೆರಿಕದಲ್ಲಿ ಬೇರೆ ಡಿಗ್ರಿ ಮುಗಿಸಿದವರೂ ನೇರ ಮಾಸ್ಟರ್ಸ್‌ಗೆ ಸೇರಬಹುದು. ವಿಡಿಯೋಗಳಲ್ಲಿ ಕಾಣುವುದು ಅದು. ನಮ್ಮಲ್ಲಿ ಬಿ.ಓ.ಟಿ. ಇಲ್ಲದೆ ಎಂ.ಓ.ಟಿ. ಇಲ್ಲ. ಬಿ.ಓ.ಟಿ. ಆದವರು ಸಾಧ್ಯವಾದರೆ ಒಂದೆರಡು ವರ್ಷ ಕೆಲಸ ಮಾಡಿ ಆಮೇಲೆ ಮಾಸ್ಟರ್ಸ್‌ಗೆ ಹೋಗಿ. ಮಕ್ಕಳ ವಿಭಾಗವೋ, ನರರೋಗವೋ, ಕೈ ಗಾಯದ್ದೋ, ಮಾನಸಿಕ ಆರೋಗ್ಯವೋ ಅನ್ನುವುದು ಆಗ ನಿಮಗೇ ತಿಳಿಯುತ್ತದೆ. ಕೋರ್ಸಿಗೆ ಮನ್ನಣೆ ಇದೆಯಾ, ರೋಗಿಗಳ ಜೊತೆಗಿನ ತರಬೇತಿ ಎಷ್ಟು ಗಂಟೆ ಅಂತ ಸೇರುವ ಮೊದಲೇ ಕೇಳಿ. ಜಾಗತಿಕ ಒಕ್ಕೂಟ ಕನಿಷ್ಠ 1000 ಗಂಟೆ ಬೇಕು ಅನ್ನುತ್ತದೆ. 2021ರಲ್ಲಿ ಈ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗದ ಕಾಯ್ದೆಯೂ ಬಂದಿದೆ, ಅದರ ನಿಯಮಗಳನ್ನು ನೋಡಿಕೊಳ್ಳಿ.

ನಮ್ಮ ಜಿಲ್ಲೆಗೆ ಇವರು ಬೇಕು. ದೊಡ್ಡ ಕಾಯಿಲೆ ಬಂದರೆ ನಮ್ಮವರು ಹುಬ್ಬಳ್ಳಿಗೋ ಮಣಿಪಾಲಕ್ಕೋ ಮಂಗಳೂರಿಗೋ ಓಡುತ್ತಾರೆ. ಜೀವ ಉಳಿಸಿಕೊಂಡು ಮನೆಗೆ ಬರುತ್ತಾರೆ. ಆಮೇಲೆ? ಅಡಿಕೆ ಕೊನೆ ಕೊಯ್ಯಲು ಹತ್ತಿ, ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಕೊನೆಗೌಡರು, ಕರಾವಳಿ ತಾಲೂಕುಗಳ ಎಂಡೋಸಲ್ಫಾನ್ ಕೀಟನಾಶಕದ ಪೀಡಿತರು, ಇಂಥವರ ಮನೆಗೆ ಹೋಗಿ ಹಿತ್ತಲ ಬಾಗಿಲ ಮೆಟ್ಟಿಲು, ಬಚ್ಚಲ ಕಲ್ಲು, ಚಮಚದ ಹಿಡಿ ನೋಡುವವರು ಯಾರಿದ್ದಾರೆ?

ಮಾಧವಿ ಸಂಕ್ರಾಂತಿ ಕಳೆದು ಹೋದಳು. ಜೊತೆಯವರಿಗಿಂತ ಆರು ತಿಂಗಳು ತಡವಾಗಿ ಮುಗಿಸಿದಳು. ಮೊನ್ನೆ ಅವಳ ಆಯಿ ಹಲಸಿನ ಹಪ್ಪಳದ ಕಟ್ಟು ಹಿಡಿದು ಬಂದಿದ್ದರು. ಊರಿಂದ ಬಂದ ನೆಂಟರೊಬ್ಬರು ಅಜ್ಜಿ ಉಣ್ಣುವುದನ್ನು ನೋಡಲಾರದೆ ಚಮಚ ತೆಗೆದುಕೊಳ್ಳಲು ಹೋದರಂತೆ.

"ನಾನೇ ಅವರ ಕೈ ಹಿಡಿದೆ ಮೇಡಂ," ಅಂದರು. "ಸ್ವಲ್ಪ ತಡಿ, ಬರುತ್ತೆ ಅಂದೆ."