ಸೇಬು, ಪೇರ್ ಟಾರ್ಟ್‌ನ ತಳ ಒದ್ದೆಯಾದರೆ

ನಿಮ್ಮ ಟಾರ್ಟ್‌ನ (ಮೈದಾ ಹಿಟ್ಟಿನ ತಳದ ಮೇಲೆ ಹಣ್ಣು ಜೋಡಿಸಿ ಓವನ್ನಿನಲ್ಲಿ ಬೇಯಿಸುವ ತಿಂಡಿ) ಫೋಟೋ ನೋಡಿದೆ. ನವರಾತ್ರಿಗೆಂದು ಅಷ್ಟು ಕಷ್ಟಪಟ್ಟು ಮಾಡಿದ್ದೀರಿ, ಮೇಲೆ ಹಣ್ಣು ಚಂದ ಕೆಂಪಗಾಗಿದೆ. ತಳ ಮಾತ್ರ ಹಸಿ ಹಿಟ್ಟಿನ ಮುದ್ದೆ, ಅಂಚು ಜಾರಿ ಒಳಗೆ ಬಿದ್ದಿದೆ. ಫೋಟೋ ನೋಡಿದ ಒಬ್ಬರು ಮೈದಾ ಇನ್ನಷ್ಟು ಸೇರಿಸಿ ಅಂತ ಉತ್ತರ ಬರೆದಿದ್ದಾರೆ. ದಯವಿಟ್ಟು ಬೇಡ. ಹಿಟ್ಟು ಒಣಗಿ ಬಿರುಸಾಗುತ್ತದೆ, ತಳ ಆಗಲೂ ಒದ್ದೆಯೇ.

ನಿಮ್ಮ ಅಳತೆ ಸರಿಯೇ ಉಂಟು. ತೊಂದರೆ ಇರುವುದು ನಮ್ಮ ಕರಾವಳಿಯ ಸೆಕೆಯಲ್ಲಿ ಮತ್ತು ಹಣ್ಣಿನ ನೀರಿನಲ್ಲಿ. ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ಮಧ್ಯಾಹ್ನ 30 ಡಿಗ್ರಿ ದಾಟುತ್ತದೆ. ಬೆಣ್ಣೆ ಬೆರಳಿಗೆ ತಾಗಿದ ಕೂಡಲೇ ಕರಗುತ್ತದೆ. ಹಿಟ್ಟಿನೊಳಗೆ ಬೆಣ್ಣೆ ಸಣ್ಣ ಚೂರುಗಳಾಗಿಯೇ ಉಳಿದರೆ ಟಾರ್ಟ್ ಪುಡಿಪುಡಿಯಾಗಿ ಬರುತ್ತದೆ, ಕರಗಿಹೋದರೆ ಎಣ್ಣೆ ಬಿಟ್ಟು ಗಟ್ಟಿಯಾಗುತ್ತದೆ. ಇನ್ನೊಂದು: ಮನೆಯಲ್ಲಿ ಕಡೆದ ಬೆಣ್ಣೆ ಹಾಕಿದ್ದೇನೆ ಅಂದಿದ್ದೀರಿ. ಅದರಲ್ಲಿ ಮಜ್ಜಿಗೆಯ ನೀರು ಬಹಳ ಉಳಿದಿರುತ್ತದೆ. ಇದಕ್ಕೆ ಪ್ಯಾಕೆಟ್ ಬೆಣ್ಣೆಯೇ ಆಗಬೇಕು. ಉಪ್ಪಿರುವ ಬೆಣ್ಣೆಯಾದರೆ ಬೇರೆ ಉಪ್ಪು ಬೇಡ.

ನಾನು ಬೆಳಿಗ್ಗೆ ಆರಕ್ಕೆ, ಒಲೆ ಹಚ್ಚುವ ಮೊದಲೇ ಹಿಟ್ಟು ಮಾಡಿಡುತ್ತೇನೆ. 9 ಇಂಚಿನ ಟಿನ್ನಿಗೆ 250 ಗ್ರಾಂ ಮೈದಾ, 125 ಗ್ರಾಂ ಬೆಣ್ಣೆ, 60 ಗ್ರಾಂ ಪುಡಿ ಸಕ್ಕರೆ, ಒಂದು ಮೊಟ್ಟೆಯ ಹಳದಿ, ಎರಡು ಮೂರು ಚಮಚ ಐಸ್ ನೀರು. ಮೈದಾವನ್ನು ಪಾತ್ರೆ ಸಮೇತ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಬೆಣ್ಣೆಯನ್ನು ಫ್ರೀಜರಿನಲ್ಲಿ ಕಲ್ಲಿನಂತೆ ಮಾಡಿ ಕ್ಯಾರೆಟ್ ತುರಿದ ಹಾಗೆ ತುರಿಯಿರಿ, ಬೆರಳ ತುದಿಯಿಂದ ಮೈದಾದೊಂದಿಗೆ ಮೆಲ್ಲ ಬೆರೆಸಿ. ಚಪಾತಿ ಹಿಟ್ಟಿನಂತೆ ನಾದಬೇಡಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಂತರೆ ಸಾಕು. ಒಂದು ಗಂಟೆ ತಂಪಿಗಿಟ್ಟು, ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಲಟ್ಟಿಸಿ. ಟಿನ್ನಿಗೆ ಹಾಸುವಾಗ ಎಳೆಯಬೇಡಿ, ಮೂಲೆಗೆ ಸಡಿಲವಾಗಿ ಕೂರಿಸಿ. ಎಳೆದದ್ದು ಬೇಯುವಾಗ ವಾಪಸ್ ಬರುತ್ತದೆ, ನಿಮ್ಮ ಅಂಚು ಬಿದ್ದದ್ದು ಹಾಗೆ. ಟಿನ್ ಸಮೇತ ಮತ್ತೆ ಅರ್ಧ ಗಂಟೆ ಫ್ರೀಜರಿಗೆ.

ಆಮೇಲೆ ಹಣ್ಣಿಲ್ಲದೆ ಬರೀ ತಳವನ್ನು ಬೇಯಿಸಿಕೊಳ್ಳಬೇಕು. ಇದನ್ನು ಬಿಡಲೇಬೇಡಿ. ಬಟರ್ ಪೇಪರ್ ಹಾಸಿ, ಅಂಚಿನವರೆಗೆ ಕುಚ್ಚಲಕ್ಕಿ ತುಂಬಿಸಿ, 180 ಡಿಗ್ರಿಯಲ್ಲಿ 15 ನಿಮಿಷ. ಅಕ್ಕಿ, ಪೇಪರ್ ತೆಗೆದು ಮತ್ತೆ 8–10 ನಿಮಿಷ, ತಳ ಮಸುಕು ಬಿಸ್ಕತ್ತಿನ ಬಣ್ಣಕ್ಕೆ ಬರುವವರೆಗೆ. ಉಳಿದ ಮೊಟ್ಟೆಯ ಬಿಳಿಯನ್ನು ತೆಳ್ಳಗೆ ಸವರಿ ಇನ್ನೆರಡು ನಿಮಿಷ ಇಟ್ಟರೆ ನೀರು ಇಳಿಯುವುದು ಕಡಿಮೆ. ಆ ಅಕ್ಕಿ ಅನ್ನಕ್ಕಾಗದು, ಡಬ್ಬಿಯಲ್ಲಿಟ್ಟರೆ ಮುಂದಿನ ಸಲಕ್ಕೆ ಆಗುತ್ತದೆ.

ಹಣ್ಣಿನ ಕೆಳಗೆ ನಾನು ಗೋಡಂಬಿಯ ಪದರ ಹಾಕುತ್ತೇನೆ. ಬೇರೆ ಕಡೆ ಬಾದಾಮಿ ಬಳಸುತ್ತಾರೆ, ನಮಗೆ ಗೋಡಂಬಿ ಇರುವಾಗ ಅದು ಯಾಕೆ? ತುಂಡು ಗೋಡಂಬಿಯೇ ಸಾಕು. 75 ಗ್ರಾಂ ಗೋಡಂಬಿಯನ್ನು ಅಷ್ಟೇ ಸಕ್ಕರೆಯೊಂದಿಗೆ ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದೇ ಸಮ ಓಡಿಸಿದರೆ ಎಣ್ಣೆ ಬಿಟ್ಟು ಅಂಟಾಗುತ್ತದೆ. ಅದಕ್ಕೆ 75 ಗ್ರಾಂ ಮೆತ್ತಗಿನ ಬೆಣ್ಣೆ, ಒಂದು ಮೊಟ್ಟೆ, ಒಂದು ದೊಡ್ಡ ಚಮಚ ಮೈದಾ. ಹಣ್ಣು ಬಿಡುವ ರಸವನ್ನೆಲ್ಲ ಇದು ಕುಡಿಯುತ್ತದೆ, ರುಚಿಯೂ ಬಹಳ.

ಸೇಬು, ಪೇರ್ ಸೇರಿ ಅರ್ಧ ಕಿಲೋ ಸಾಕು. (ಅಂಗಡಿಯಲ್ಲಿ ಪೇರ್ ಅಂತ ಸ್ಪಷ್ಟ ಹೇಳಿ, ಇಲ್ಲದಿದ್ದರೆ ಪೇರಳೆ, ಅಂದರೆ ಸೀಬೆ, ಕೊಟ್ಟಾರು.) ಈಗ ಬರುವ ಕಾಶ್ಮೀರದ ಸೇಬು ಬರೀ ಸಿಹಿ, ಅರ್ಧ ನಿಂಬೆ ಹಿಂಡಿ. ತೆಳ್ಳಗೆ ಹೆಚ್ಚಿ, ಎರಡು ಚಮಚ ಸಕ್ಕರೆ ಬೆರೆಸಿ ಅರ್ಧ ಗಂಟೆ ಸೋಸುವ ಜಾಲರಿಯಲ್ಲಿಡಿ. ಕೆಳಗೆ ಇಳಿದ ರಸವನ್ನು ಚೆಲ್ಲಬೇಡಿ, ಕುದಿಸಿ ಪಾಕ ಮಾಡಿದರೆ ಕೊನೆಗೆ ಮೇಲೆ ಸವರಲು ಅದೇ ಆಯಿತು.

ಓವನ್ನಿನ ಕೆಳಗಿನ ರ್‍ಯಾಕಿನಲ್ಲಿ, ಮೊದಲೇ ಕಾದ ಟ್ರೇ ಮೇಲೆ ಟಿನ್ ಇಡಿ. 180 ಡಿಗ್ರಿ, 40–45 ನಿಮಿಷ. ಹಣ್ಣಿನ ಸಂದಿಯಲ್ಲಿ ಗೋಡಂಬಿ ಪದರ ಉಬ್ಬಿ ಹೊಂಬಣ್ಣಕ್ಕೆ ಬರಬೇಕು. ಮೇಲೆ ಬೇಗ ಕಪ್ಪಾದರೆ ಫಾಯಿಲ್ ಮುಚ್ಚಿ, ಹೊರಗೆ ಮಾತ್ರ ತೆಗೆಯಬೇಡಿ.

ಅತ್ತೆ ಮೊಟ್ಟೆ ತಿನ್ನುವುದಿಲ್ಲ ಅಂದಿರಲ್ಲ, ಹಿಟ್ಟಿಗೆ ಹಳದಿಯ ಬದಲು ಒಂದು ಚಮಚ ತಣ್ಣನೆ ಗಟ್ಟಿ ಮೊಸರು, ಗೋಡಂಬಿಗೆ ಮೂರು ಚಮಚ ಹಾಲು ಮತ್ತು ಒಂದು ಚಮಚ ಕಾರ್ನ್‌ಫ್ಲೋರ್. ಸ್ವಲ್ಪ ಕಡಿಮೆ ಉಬ್ಬುತ್ತದೆ, ಅಷ್ಟೆ. ಬಿಳಿ ಸವರುವ ಜಾಗದಲ್ಲಿ ಒಂದು ಹಿಡಿ ರಸ್ಕ್ ಪುಡಿ ಉದುರಿಸಿ. ಮಾಡಿದ ದಿನವೇ ತಿಂದು ಮುಗಿಸಿ, ನಮ್ಮ ಗಾಳಿಗೆ ಮರುದಿನ ತಳ ಮೆತ್ತಗಾಗುತ್ತದೆ. ಈ ಸಲ ಕತ್ತರಿಸಿದ ಮೇಲೆ ಅಡಿಭಾಗದ ಫೋಟೋ ಹಾಕಿ, ಕಾಯುತ್ತಿರುತ್ತೇನೆ.