ಮಂಗಳವಾರದ ಮ್ಯಾಟ್ನಿಗೆ ಎಷ್ಟು ಜನ?

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ತಂದೆ, ಮಗ, ಮಗನ ಹೆಂಡತಿ. ಮೂವರೂ ಸಲಹೆ ಕೇಳಲು ಒಟ್ಟಿಗೇ ನನ್ನ ಬಳಿ ಬಂದಿದ್ದರು. ತಾಲ್ಲೂಕು ಕೇಂದ್ರವೊಂದರಲ್ಲಿ ಇವರದ್ದೊಂದು ಚಿತ್ರಮಂದಿರ ಇದೆ, 620 ಸೀಟಿನದು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಹಾಕಿದ ಬೀಗ ಹಾಗೇ ಇದೆ. ಮಗ ಬೆಂಗಳೂರಿನ ಕೆಲಸ ಬಿಟ್ಟು ಅದನ್ನು ಮತ್ತೆ ತೆರೆಯಲು ಹೊರಟಿದ್ದಾರೆ. ಬ್ಯಾಂಕ್ ಸಾಲ ಸಾಲದು, ಹೆಂಡತಿಯ ಒಡವೆಯನ್ನೂ ಅಡ ಇಡಬೇಕು. ಆಕೆ ಒಪ್ಪುತ್ತಿಲ್ಲ. ಎರಡು ತಿಂಗಳಿಂದ ಮನೆಯಲ್ಲಿ ಸರಿಯಾಗಿ ಮಾತೇ ಇಲ್ಲ.

ಮಗ ಒಂದು ಲೆಕ್ಕದ ಹಾಳೆ ತಂದಿದ್ದರು. ದಿನಕ್ಕೆ 4 ಆಟ, ಅರ್ಧ ತುಂಬಿದರೂ 1,240 ಜನ, ಟಿಕೆಟ್ 100 ರೂಪಾಯಿ, ಒಟ್ಟು 1,24,000. "ಪೈಪೋಟಿಯೇ ಇಲ್ಲ ಮೇಡಂ, ಮಲ್ಟಿಪ್ಲೆಕ್ಸ್ ಇರೋದು 60 ಕಿಲೋಮೀಟರ್ ಆಚೆ" ಅಂದರು.

ಆ ಅರ್ಧ ಎಲ್ಲಿಂದ ಬಂತು ಅಂತ ಕೇಳಿದೆ. 2022ರ ಮಾತು ತೆಗೆದರು. ಕೆಜಿಎಫ್ ಎರಡನೇ ಭಾಗ ಮತ್ತು ಕಾಂತಾರ ಬಂದ ವರ್ಷ ಅದು. ಬೇರೆ ಥಿಯೇಟರುಗಳ ಆ ಜನಜಾತ್ರೆ ಇನ್ನೂ ಅವರ ಕಣ್ಣಲ್ಲೇ ಇತ್ತು. ಆದರೆ ಅಂಥ ಸಿನಿಮಾ ವರ್ಷಕ್ಕೆ ಎಷ್ಟು ಬರುತ್ತೆ? ಉಳಿದ ವಾರಗಳಲ್ಲೂ ಕರೆಂಟ್ ಬಿಲ್ ಕಟ್ಟಬೇಕು, ಅಲ್ವಾ?

ತಂದೆ ಅಷ್ಟು ಹೊತ್ತೂ ಬಾಯಿ ಬಿಟ್ಟಿರಲಿಲ್ಲ. ಹಳೆಯ ಲೆಕ್ಕ ಏನಾದರೂ ಇದೆಯಾ ಅಂದೆ. ಮುಂದಿನ ಭೇಟಿಗೆ ಬಟ್ಟೆಯ ಚೀಲದ ತುಂಬ ದಿನದ ಕಲೆಕ್ಷನ್ ಬರೆದ ಪುಸ್ತಕಗಳನ್ನು ತಂದರು. 2019ರದ್ದನ್ನು ತೆರೆದೆವು. ಮಂಗಳವಾರ ಮ್ಯಾಟ್ನಿ: ಬಾಲ್ಕನಿ 6, ಸೆಕೆಂಡ್ ಕ್ಲಾಸ್ 23. ಬುಧವಾರ ಸೆಕೆಂಡ್ ಶೋ ಮುಂದೆ 'ಆಟ ಇಲ್ಲ' ಅಂತ ಬರೆದಿತ್ತು. ಮಗ ಪುಟ ತಿರುಗಿಸುತ್ತಾ ಹೋದ ಹಾಗೆ ಕೈ ನಿಧಾನವಾಯಿತು.

"ಕೊರೊನಾದಿಂದ ಮುಚ್ಚಿತು ಅಂತ ಎಲ್ಲರೂ ಅಂದ್ರು. ನಾನೂ ಹೂಂ ಅಂದೆ" ಅಂದರು ತಂದೆ.

ಆ ಮಾತಿಗೆ ನಾನು ಏನೂ ಸೇರಿಸಲಿಲ್ಲ. ಮಗನೇ ಎದ್ದು ಅವರಿಗೆ ನೀರು ತಂದುಕೊಟ್ಟರು.

ನಾನು ಕೊಟ್ಟ ಸಲಹೆ ಇಷ್ಟು. ಐದು ವಾರ ಸಾಲದ ಸುದ್ದಿ ಬೇಡ. ಸುತ್ತಮುತ್ತ ಇನ್ನೂ ನಡೆಯುತ್ತಿರುವ ಎರಡು ಥಿಯೇಟರುಗಳ ಎದುರಿನ ಟೀ ಅಂಗಡಿಯಲ್ಲಿ ಕೂರಿ, ಆಟ ಬಿಟ್ಟಾಗ ಹೊರಗೆ ಬರುವವರನ್ನು ಎಣಿಸಿ. ಶುಕ್ರವಾರ ಮಾತ್ರ ಅಲ್ಲ, ಸೋಮವಾರದಿಂದ ಬುಧವಾರದವರೆಗೂ. ಸಿನಿಮಾ ಯಾವುದು, ಎಷ್ಟನೇ ವಾರ, ಸಂಸಾರ ಸಮೇತ ಬಂದವರೆಷ್ಟು ಅಂತಲೂ ಬರೆಯಿರಿ. ಹಂಚಿಕೆದಾರರನ್ನು ಕಂಡು, ಹೊಸ ಸಿನಿಮಾ ಬಿಡುಗಡೆಯ ದಿನವೇ ನಮಗೂ ಸಿಗುತ್ತಾ, ಕೊಡೋದು ವಾರದ ಬಾಡಿಗೆಗೋ, ಕಲೆಕ್ಷನ್ನಿನ ಶೇಕಡಾವಾರು ಹಂಚಿಕೆಗೋ ಅಂತ ಕೇಳಿ. ಟಿಕೆಟ್ ದರ 100 ದಾಟಿಸುವ ಮೊದಲು ಯೋಚಿಸಿ. 2025ರ ಸೆಪ್ಟೆಂಬರ್ 22ರಿಂದ 100ರವರೆಗಿನ ಟಿಕೆಟ್ಟಿಗೆ ಜಿಎಸ್‌ಟಿ ಶೇಕಡಾ 5, ದಾಟಿದರೆ 18. ಹಳ್ಳಿಗಳ ಕಡೆಗೆ ಕೊನೇ ಬಸ್ ಎಷ್ಟು ಹೊತ್ತಿಗೆ ಅನ್ನೋದನ್ನೂ ಬರೆದುಕೊಳ್ಳಿ. ಸಂಜೆಯ ಫಸ್ಟ್ ಶೋ ಬಿಡುವ ಹೊತ್ತಿಗೆ ಬಸ್ ಹೋಗಿಬಿಟ್ಟಿದ್ದರೆ ಆ ಜನ ನಿಮ್ಮ ಲೆಕ್ಕಕ್ಕೆ ಸೇರುವುದಿಲ್ಲ.

ಒಂದು ಕೆಲಸವನ್ನು ಹೆಂಡತಿಗೇ ವಹಿಸಿದೆ. ಮಹಿಳಾ ಸಂಘದಲ್ಲಿ ಅವರಿಗೆ ಪರಿಚಯ ಜಾಸ್ತಿ. "ಥಿಯೇಟರ್ ತೆರೆದರೆ ಬರ್ತೀರಾ ಅಂತ ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. ಹೋದ ವರ್ಷ ಎಷ್ಟು ಸಿನಿಮಾಕ್ಕೆ ಹೋಗಿದ್ರಿ, ಯಾವ ಊರಲ್ಲಿ, ಎಷ್ಟು ಖರ್ಚಾಯ್ತು, ಅದನ್ನ ಕೇಳಿ" ಅಂದೆ. ಕೇಳಿ ತಿಳಿಯುವ ಕೆಲಸಕ್ಕೆ ಬೇಡ ಅನ್ನುತ್ತಿದ್ದವರನ್ನೇ ಹಚ್ಚಿದರೆ ಮನೆಯ ಜಗಳದ ರೂಪ ಬದಲಾಗುತ್ತದೆ. ಇದನ್ನು ಹಲವು ಸಲ ಕಂಡಿದ್ದೇನೆ.

ಐದು ವಾರದ ಮೇಲೆ ಬಂದಾಗ ನೋಟ್‌ಬುಕ್ ಹೆಂಡತಿಯ ಕೈಯಲ್ಲಿತ್ತು. ಪಕ್ಕದ ಊರಲ್ಲಿ ವಾರದ ದಿನಗಳ ಮ್ಯಾಟ್ನಿಗೆ ಒಂದು ದಿನವೂ 40 ಜನ ದಾಟಿರಲಿಲ್ಲ. ಶನಿವಾರ ಸಂಜೆ, ಭಾನುವಾರ ಮಾತ್ರ ಸಂಸಾರಗಳು ಬರುತ್ತಿದ್ದವು. ಸಂಘದ ಹೆಂಗಸರಲ್ಲಿ ಹೆಚ್ಚಿನವರು ಹೇಳಿದ್ದು ಟಾಯ್ಲೆಟ್ಟಿನ ಮಾತು. ಅದು ಚೊಕ್ಕಟ ಇದೆ ಅಂತಲೇ 60 ಕಿಲೋಮೀಟರ್ ಹೋಗುತ್ತಾರಂತೆ. ಪೈಪೋಟಿ ಇತ್ತು, ಮಗ ನೋಡದ ಕಡೆ ಇತ್ತು.

ಕೆಳಗಡೆ ಮುಚ್ಚಿಟ್ಟು ಬಾಲ್ಕನಿಯ 170 ಸೀಟು ಮಾತ್ರ, ಶುಕ್ರವಾರದಿಂದ ಭಾನುವಾರದವರೆಗೆ ನಡೆಸೋಣ ಅಂದದ್ದು ತಂದೆ. ಮಗನಿಗೆ ಇನ್ನೂ ಪೂರ್ತಿ ಮನಸ್ಸಿಲ್ಲ. ಬಾಲ್ಯದಲ್ಲಿ ಕಂಡ ತುಂಬಿದ ಥಿಯೇಟರ್ ಅಷ್ಟು ಬೇಗ ಮರೆಯುವುದಿಲ್ಲ, ಅವಸರ ಬೇಡ ಅಂದೆ. ಲೈಸೆನ್ಸ್ ವಿಷಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಬೇಕು. ಒಡವೆ ಸದ್ಯಕ್ಕೆ ಬೀರುವಿನಲ್ಲೇ ಇದೆ. ಮುಂದಿನ ಭೇಟಿಗೆ ಹಂಚಿಕೆದಾರರ ಉತ್ತರ, ಟಾಯ್ಲೆಟ್ ದುರಸ್ತಿಗೆ ಮೇಸ್ತ್ರಿ ಬರೆದುಕೊಟ್ಟ ಅಂದಾಜು, ಎರಡನ್ನೂ ತರಲು ಹೇಳಿದ್ದೇನೆ.